ಎಡಗಡೆಯ ಇಂಜಿನ್ನು

ನಮ್ಮೂರಿನಲ್ಲಿ ಏನಾದರೂ ಕೆಟ್ಟದ್ದು ಆದರೆ, ಅದು ಯಾಕಾಯಿತು ಎಂದು ಗೊತ್ತಾಗುವವರೆಗೆ ನಿದ್ದೆ ಬರುವುದಿಲ್ಲ. ಮನೆಯೊಳಗೆ ಆದದ್ದಾದರೆ ಆ ಮನೆಯವರಿಗೆ ಬರುವುದಿಲ್ಲ, ಬೀದಿಯಲ್ಲಿ ಆದದ್ದಾದರೆ ಬೀದಿಗೆ ಬರುವುದಿಲ್ಲ. ಹಾಲು ಒಡೆದರೂ ಅಷ್ಟೇ, ಮಗು ಜಾರಿ ಬಿದ್ದರೂ ಅಷ್ಟೇ. ಹೀಗಾಗಿ ಊಟ ಮುಗಿದ ಮೇಲೆ ಎಲ್ಲ ಮನೆಗಳಲ್ಲೂ ಒಂದಿಷ್ಟು ಹೊತ್ತು ಕೂತು, ಇವತ್ತು ಏನು ಕೆಟ್ಟಿತು, ಯಾಕೆ ಕೆಟ್ಟಿತು ಎಂದು ಮಾತಾಡಿಕೊಳ್ಳುವುದು ರೂಢಿ. ಮದುವೆಯಾಗಿ ಹೊಸದಾಗಿ ಬಂದ ಹುಡುಗಿಗೆ ಅತ್ತೆ ಮೊದಲು ಕಲಿಸುವುದೇ ಇದನ್ನು: ಲೋಟ ಒಡೆದರೆ ಹೇಳಿಬಿಡಮ್ಮ, ಬೈಸಿಕೊಂಡರೂ ಪರವಾಗಿಲ್ಲ, ಇಲ್ಲದಿದ್ದರೆ ನಿನ್ನ ಮಾವ ಬೆಳಗಿನವರೆಗೆ ಗೋಡೆಗೆ ಒರಗಿ ಕೂತಿರುತ್ತಾರೆ. ಸುಳ್ಳು ಹೇಳಿದರೆ ನಡೆಯುವುದಿಲ್ಲ. ಅರ್ಧ ಹೇಳಿದರೂ ನಡೆಯುವುದಿಲ್ಲ. ನಾವು ಇದಕ್ಕೆ ಎಷ್ಟು ಒಗ್ಗಿಹೋಗಿದ್ದೇವೆ ಎಂದರೆ, ಬೇರೆ ಊರುಗಳಲ್ಲಿ ಜನ ಕಾರಣ ತಿಳಿಯದೆಯೂ ಗೊರಕೆ ಹೊಡೆಯುತ್ತಾರೆ ಎಂದು ಕೇಳಿದರೆ ನಮಗೆ ನಗು ಬರುತ್ತದೆ.

ವಿಮಾನ ಬಿದ್ದದ್ದು ಇಂಥ ಊರಿನಲ್ಲಿ.

ಅದೇನು ದೊಡ್ಡ ವಿಮಾನವಲ್ಲ. ಎರಡೂ ರೆಕ್ಕೆಗೆ ಒಂದೊಂದು ಫ್ಯಾನು ಇರುವಂಥದ್ದು, ಟರ್ಬೋಪ್ರಾಪ್ ಎನ್ನುತ್ತಾರೆ. ನಮ್ಮ ಗುಡ್ಡದ ನೆತ್ತಿಯ ಮೇಲಿನ ಓಡುದಾರಿ ಚಿಕ್ಕದು, ಅಷ್ಟರಲ್ಲಿ ಏಳುವುದು, ಇಳಿಯುವುದು ಅದಕ್ಕೆ ಮಾತ್ರ ಸಾಧ್ಯ. ಬೆಳಿಗ್ಗೆ ಹೋಗಿ ಸಂಜೆ ಬರುತ್ತಿತ್ತು. ಅದನ್ನು ನಡೆಸುತ್ತಿದ್ದವರು ನನ್ನ ಭಾವ, ಕ್ಯಾಪ್ಟನ್ ಪಂಪಾಪತಿ. ನಾನು ಸರ್ವಮಂಗಳ. ವಿಮಾನ ನಿಲ್ದಾಣದ ಬೇಲಿ ಪಕ್ಕ ನನ್ನದೊಂದು ಕ್ಯಾಂಟೀನು ಇದೆ. ಚಿತ್ರಾನ್ನ, ಬೋಂಡಾ, ಚಹಾ. ಭಾವ ಹೊರಡುವ ಮೊದಲು ಬಂದು ನಿಂತುಕೊಂಡೇ ಅರ್ಧ ಲೋಟ ಚಹಾ ಕುಡಿಯುತ್ತಿದ್ದರು. ಅವರನ್ನು ಕಂಡರೆ ಊರಿಗೆಲ್ಲ ಗೌರವ. ಯಾರದೋ ಮಗುವಿಗೆ ಹುಷಾರಿಲ್ಲದಾಗ ಔಷಧಿ ತಂದುಕೊಟ್ಟವರು, ಇನ್ಯಾರದೋ ಮುದುಕಿಯನ್ನು ಕೈಹಿಡಿದು ಮೆಟ್ಟಿಲು ಹತ್ತಿಸಿದವರು. ಎತ್ತರದ ಆಳು, ತೂಗಿದ ಮಾತು, ಇಸ್ತ್ರಿ ಮಡಿಕೆ ಮುರಿಯದ ಬಿಳಿ ಅಂಗಿ. ನನ್ನ ಅಕ್ಕ ಅನಸೂಯ ಅವರ ಹೆಂಡತಿ. ಅವರ ಒಬ್ಬನೇ ಮಗ ಉಲ್ಲಾಸ ಕಾಲೇಜಿನಲ್ಲಿ ಓದುತ್ತಿದ್ದ. ನಿಲುವಿನಲ್ಲಿ, ದನಿಯಲ್ಲಿ, ಊಟದ ತಟ್ಟೆಯ ಮುಂದೆ ಕೂರುವ ರೀತಿಯಲ್ಲಿ ಎಲ್ಲ ಅಪ್ಪನ ಹಾಗೆಯೇ.

ಆ ದಿನ ಬೆಳಿಗ್ಗೆ ವಿಮಾನ ಎದ್ದಿತು. ಬೇಲಿಯ ಮೇಲಿಂದ ಹಾದುಹೋಗುವಾಗ ಅದರ ಸದ್ದಿನಲ್ಲಿ ಏನೋ ಮುರಿದ ಹಾಗಾಯಿತು. ನಾನು ಒಲೆಯ ಮುಂದಿನಿಂದ ಎದ್ದು ಹೊರಗೆ ಬಂದೆ. ಇದ್ದ ಸದ್ದೂ ಸ್ವಲ್ಪ ಹೊತ್ತಿಗೆ ನಿಂತುಹೋಯಿತು. ವಿಮಾನ ಮಾತ್ರ ಇನ್ನೂ ಆಕಾಶದಲ್ಲಿತ್ತು. ಸದ್ದೇ ಇಲ್ಲದೆ ಅದು ಇಟ್ಟಿಗೆ ಗೂಡುಗಳ ಕಡೆಗೆ ವಾಲಿ, ಶೇಂಗಾ ಹೊಲದಲ್ಲಿ ಹೊಟ್ಟೆ ಉಜ್ಜಿಕೊಂಡು ಹೋಗಿ, ಗೂಡಿಗೆ ಬಡಿದು ಹೊತ್ತಿಕೊಂಡಿತು. ಹಿಂದುಗಡೆ ಕೂತವರು ಬಹಳ ಮಂದಿ ಉಳಿದರು. ಮುಂದುಗಡೆ ಕೂತವರು ಉಳಿಯಲಿಲ್ಲ. ಹಾರ್ಮೋನಿಯಂ ಮೇಷ್ಟ್ರು ಹೋದರು. ಮೊಮ್ಮಗುವನ್ನು ನೋಡಲು ಹೊರಟಿದ್ದ ಸೋಡಾ ಅಂಗಡಿಯ ಗಂಡ ಹೆಂಡತಿ ಇಬ್ಬರೂ ಹೋದರು. ಭಾವ ಹೋದರು. ಅವರ ಪಕ್ಕದಲ್ಲಿ ಕೂತಿದ್ದ ಸಹ ಪೈಲಟ್ ಕುಮುದಾ ಎಂಬ ಹುಡುಗಿಯನ್ನು ಮಾತ್ರ ಇಟ್ಟಿಗೆ ಸುಡುವವರು ಕಿಟಕಿಯಿಂದ ಎಳೆದು ಉಳಿಸಿಕೊಂಡರು. ಅವಳ ಎರಡೂ ಕೈ ಸುಟ್ಟಿದ್ದವು, ದವಡೆ ಮುರಿದಿತ್ತು. ನಮ್ಮ ಆಸ್ಪತ್ರೆಯಲ್ಲಿ ದವಡೆಗೆ ತಂತಿ ಬಿಗಿದು ಮಲಗಿಸಿದರು. ಮಾತಾಡುವ ಹಾಗಿಲ್ಲ, ಬರೆಯುವ ಹಾಗೂ ಇಲ್ಲ.

ಊರಿಗೆ ಊರೇ ನಿದ್ದೆ ಕಳೆದುಕೊಂಡಿತು. ನಮ್ಮ ತಿಳಿವಳಿಕೆಗೆ ಬಂದಂತೆ ಹಾಗೆ ಹಿಂದೆಂದೂ ಆಗಿರಲಿಲ್ಲ.

ಮೊದಮೊದಲು ಜನ ಅದನ್ನು ಸೂತಕದ ಹಾಗೆ ತೆಗೆದುಕೊಂಡರು. ಆಮೇಲೆ ಕಷ್ಟ ಶುರುವಾಯಿತು. ಕ್ಷೌರದವನು ಕತ್ತಿ ಹಿಡಿಯಲಾರೆ ಎಂದು ಅಂಗಡಿಯ ಬಾಗಿಲು ಎಳೆದ. ಶಾಲೆಯಲ್ಲಿ ಮೇಷ್ಟ್ರು ಒಂದೇ ಮಗ್ಗಿಯನ್ನು ಮೂರು ಸಲ ಹೇಳಿಸಿದರೂ ಮಕ್ಕಳಿಗೆ ಗೊತ್ತಾಗುತ್ತಿರಲಿಲ್ಲ. ನನ್ನ ಕ್ಯಾಂಟೀನಿನಲ್ಲಿ ಚಹಾ ಕುಡಿದವರೇ ಮತ್ತೆ ಬಂದು, ನಾನಿನ್ನೂ ಕುಡಿದಿಲ್ಲ ಎಂದು ಜಗಳ ತೆಗೆಯುತ್ತಿದ್ದರು. ಊರಿನ ಗಡಿ ಹೊಳೆಯ ಸೇತುವೆಗೆ ಮುಗಿಯುತ್ತದೆ. ಆಚೆ ದಡದಲ್ಲಿ ನಿದ್ದೆ ಬರುತ್ತದೆ. ಕಾಲಿನಲ್ಲಿ ಕಸುವಿದ್ದವರು ಚಾಪೆ ಸುತ್ತಿಕೊಂಡು ಪಾಳಿಯ ಮೇಲೆ ಆಚೆ ಹೋಗಿ ಮಲಗಿ ಬರತೊಡಗಿದರು. ಬಾಣಂತಿಯರು, ಹಾಸಿಗೆ ಹಿಡಿದವರು, ದನಕರು ಬಿಟ್ಟು ಹೋಗಲಾರದವರು ಹಾಗೆಯೇ ಕಣ್ಣು ಬಿಟ್ಟುಕೊಂಡು ಉಳಿದರು. ಅಕ್ಕ ಸೇತುವೆ ದಾಟಲಿಲ್ಲ. ನಾನು ಎಷ್ಟು ಕರೆದರೂ, "ನಮ್ಮವರು ಯಾಕೆ ಹೋದ್ರು ಅಂತ ಗೊತ್ತಾಗ್ದೆ ಅಲ್ಲಿ ಹೋಗಿ ಮಲಗೋದಾ? ನನ್ನಿಂದ ಆಗಲ್ಲ ಮಂಗಳ," ಎಂದಳು.

ತನಿಖೆಗೆಂದು ರಾಜಧಾನಿಯಿಂದ ಅಪ್ರಮೇಯ ಎಂಬ ಸಾಹೇಬರು ಬಂದರು. ಸಣಕಲು ದೇಹ, ಕಿವಿಯ ಮೇಲೆ ನೆರೆತ ಕೂದಲು. ಬಿದ್ದ ವಿಮಾನಗಳನ್ನು ನೋಡುವುದೇ ಅವರ ಜೀವಮಾನದ ಕೆಲಸ. ಊರಿನ ವಿಷಯ ಕೇಳಿ ಅವರು ನಗಲಿಲ್ಲ. ಬಂದ ಮೇಲೆ ಅವರಿಗೂ ನಿದ್ದೆ ಬರಲಿಲ್ಲ. ಮೂರನೆಯ ಬೆಳಿಗ್ಗೆ ನನ್ನ ಕ್ಯಾಂಟೀನಿನ ಬೆಂಚಿನ ಮೇಲೆ ಕೂತು, "ನಾನು ಎಲ್ಲಾ ಕಡೆ ವರದಿ ಕೊಡೋಕೆ ಒಂದು ವರ್ಷ ತಗೋತೀನಮ್ಮ. ಇಲ್ಲಿ ಆಗಲ್ಲ ಅನ್ಸುತ್ತೆ," ಎಂದರು. ಅವರ ಕಣ್ಣು ಕೆಂಪಗಿದ್ದವು. ನಾನು ಚಹಾಕ್ಕೆ ಶುಂಠಿ ಜಜ್ಜಿ ಹಾಕಿದೆ.

ಅವರು ಹೊಲದಲ್ಲಿ ಸುಟ್ಟ ತಗಡುಗಳ ನಡುವೆ ಮಂಡಿಯೂರಿ ಹುಡುಕಿದರು. ಎರಡೂ ಇಂಜಿನ್ನುಗಳನ್ನು ಎತ್ತಿಸಿ ಗೋದಾಮಿನಲ್ಲಿ ಬಿಡಿಸಿದರು. ಆಸ್ಪತ್ರೆಗೆ ಹೋಗಿ ಕುಮುದಾಳನ್ನು ಹೌದು ಅಲ್ಲ ಎಂದು ತಲೆಯಾಡಿಸಬಹುದಾದ ಪ್ರಶ್ನೆಗಳನ್ನು ಕೇಳಿದರು. ಆಮೇಲೆ ಒಂದು ಮಧ್ಯಾಹ್ನ ಪಂಚಾಯಿತಿ ಕಟ್ಟೆಯ ಮೇಲೆ ನಿಂತು ಧ್ವನಿವರ್ಧಕದಲ್ಲಿ ಓದಿದರು. ಅವರ ಭಾಷೆಯಲ್ಲಿ ಅದಕ್ಕೆ 'ಸಂಭವನೀಯ ಕಾರಣ' ಎಂದು ಹೆಸರು. ವಿಮಾನ ಎದ್ದ ಕೂಡಲೇ ಬಲಗಡೆಯ ಇಂಜಿನ್ನು ಕೆಟ್ಟಿತು. ಕೆಟ್ಟದ್ದನ್ನು ನಿಲ್ಲಿಸಿ, ಅದರ ಫ್ಯಾನಿನ ಅಲಗುಗಳನ್ನು ಗಾಳಿಗೆ ಅಡ್ಡ ಬಾರದಂತೆ ತಿರುಗಿಸಿದ್ದರೆ, ಉಳಿದ ಒಂದರಲ್ಲೇ ವಿಮಾನ ಸುತ್ತಿ ಬಂದು ಇಳಿಯುತ್ತಿತ್ತು. ಆದರೆ ಕ್ಯಾಪ್ಟನ್ ನಿಲ್ಲಿಸಿದ್ದು ಚೆನ್ನಾಗಿದ್ದ ಎಡಗಡೆಯ ಇಂಜಿನ್ನನ್ನು.

ಕಟ್ಟೆಯ ಮುಂದೆ ಕೂತಿದ್ದ ಅಕ್ಕ ಅಲುಗಾಡಲಿಲ್ಲ. ಜನ ಅವಳ ಮುಖ ನೋಡಲಾಗದೆ ಒಬ್ಬೊಬ್ಬರೇ ಎದ್ದು ಮನೆಗೆ ಹೋದರು. ಎಲ್ಲರೂ ಬಾಗಿಲು ಹಾಕಿಕೊಂಡು ಮಲಗಿದರು. ಬೀದಿಯಲ್ಲಿ ನಾಯಿಗಳು ಬಿಟ್ಟರೆ ಯಾರೂ ಇರಲಿಲ್ಲ. ನಾನೂ ಮಲಗಿದೆ. ಬಿಸಿಲು ಕಿಟಕಿಯಿಂದ ಕೆಳಗಿಳಿದು ನೆಲಕ್ಕೆ ಬಂತು, ನಿದ್ದೆ ಬರಲಿಲ್ಲ. ಎದುರು ಮನೆಯ ಚಿಲಕ ತೆಗೆದ ಸದ್ದಾಯಿತು. ಆಮೇಲೆ ಪಕ್ಕದ ಮನೆಯದು. ಸಂಜೆಯ ಹೊತ್ತಿಗೆ ಎಲ್ಲರೂ ಮತ್ತೆ ಜಗುಲಿಗಳ ಮೇಲೆ ಕೂತು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು.

ಅಕ್ಕ ಓಡುತ್ತಾ ಬಂದಳು. ಅವಳು ಓಡಿದ್ದನ್ನು ನಾನು ಚಿಕ್ಕವಳಿದ್ದಾಗ ನೋಡಿದ್ದು. "ನೋಡಿದ್ಯಾ ಮಂಗಳ? ಒಬ್ರಿಗೂ ನಿದ್ದೆ ಬಂದಿಲ್ಲ. ನಮ್ಮವರು ಮಾಡಿಲ್ಲ. ಅವ್ರು ಹಾಗೆ ಮಾಡೋರೇ ಅಲ್ಲ!" ಎಂದಳು. ಅವಳ ಕಣ್ಣಿನಲ್ಲಿ ನೀರು, ಮುಖದಲ್ಲಿ ಬೆಳಕು. ಊರಿನವರೂ ಹಾಗೆಯೇ ಅಂದುಕೊಂಡರು. ಮಾರನೆಯ ದಿನದಿಂದ ಅವಳ ಮನೆಗೆ ಮೊಸರು, ಹೂವು, ಬೇಯಿಸಿದ ಜೋಳ ಬರತೊಡಗಿದವು. ಕ್ಯಾಪ್ಟನ್ನರ ಮೇಲೆ ಸುಳ್ಳು ಹೊರಿಸಿದರಲ್ಲ ಎಂದು ಜನ ಸಾಹೇಬರನ್ನು ಓರೆಗಣ್ಣಿನಿಂದ ನೋಡಿದರು.

ಕಾರಣ ಬೇರೆ ಇದೆ ಎಂದಾದ ಮೇಲೆ ಎಲ್ಲರೂ ತಮ್ಮೊಳಗೆ ಹುಡುಕತೊಡಗಿದರು. ಸಾಹೇಬರ ಕೋಣೆಯ ಮುಂದೆ ಸಾಲು ನಿಂತಿತು. ಎಮ್ಮೆ ಸಾಕಿದ ನಿಂಗಮ್ಮ, ವಿಮಾನದ ಸದ್ದಿಗೆ ಎಮ್ಮೆ ಹಾಲು ಇಳಿಸುವುದಿಲ್ಲವೆಂದು ಆವತ್ತು ಬೆಳಿಗ್ಗೆ ತಾನು ಶಾಪ ಹಾಕಿದ್ದಾಗಿ ಹೇಳಿ ಅತ್ತಳು. ಸಾಮಾನು ಹೇರುವವನೊಬ್ಬ, ವಿಮಾನದ ಹಿಂದುಗಡೆ ಸಾಮಾನು ಇಡುವ ಜಾಗದಲ್ಲಿ ತಾನು ಹಲಸಿನ ಹಣ್ಣುಗಳನ್ನು ಒಂದೇ ಕಡೆ ಒಟ್ಟಿದ್ದೆ ಎಂದ. ನಾನೂ ಹೋಗಿ, ಭಾವ ಆವತ್ತು ಆ ಅರ್ಧ ಲೋಟ ಚಹಾವನ್ನೂ ಮುಗಿಸದೆ ಹೋದರು ಎಂದು ಹೇಳಿದೆ. ಸಾಹೇಬರು ಎಲ್ಲರ ಮಾತನ್ನೂ ಪೂರ್ತಿ ಕೇಳಿ, "ಇದಲ್ಲ ಅನ್ಸುತ್ತಮ್ಮ. ಆದ್ರೂ ಹೇಳಿದ್ದು ಒಳ್ಳೇದಾಯ್ತು," ಎಂದು ಕಳಿಸುತ್ತಿದ್ದರು.

ಎರಡನೆಯ ಸಲ ಅವರು ಕಟ್ಟೆ ಹತ್ತಿದ್ದು ಬಲಗಡೆಯ ಇಂಜಿನ್ನಿನೊಳಗಿನ ಒಂದು ಬೇರಿಂಗಿನ ಮಾತು ಹೇಳಲು. ಅದು ಸವೆದು ಮುರಿದಿತ್ತು, ಅದರಿಂದ ಇಂಜಿನ್ನು ಕೆಟ್ಟಿತ್ತು. ಅದು ನಿಜವಿರಬೇಕು. ಅವತ್ತು ಎಲ್ಲರ ರೆಪ್ಪೆಯೂ ಒಂದಿಷ್ಟು ಭಾರವಾಯಿತು. ಒಂದೆರಡು ಕೂಸುಗಳು ತೂಕಡಿಸಿದವು. ಅಷ್ಟೇ. ಆಮೇಲೆ ಮತ್ತೆ ಎಲ್ಲರ ಕಣ್ಣೂ ಬಿಚ್ಚಿಕೊಂಡವು. ಆ ತೂಕಡಿಕೆ ಇಲ್ಲದಿದ್ದರೇ ಚೆನ್ನಾಗಿತ್ತು. ರುಚಿ ತೋರಿಸಿ ತಟ್ಟೆ ಕಸಿದುಕೊಂಡ ಹಾಗಾಗಿ, ಜನ ಕೆರಳಿದರು. ಬಾವಿಯ ಬಳಿ ಕೊಡ ತಾಗಿದ್ದಕ್ಕೆ ಹೊಡೆದಾಟವಾಯಿತು. ನೆಂಟಸ್ತಿಕೆ ಮಾತಾಡಲು ಬಂದವರು ಹುಡುಗಿಯ ಮನೆಯವರ ಕೆಂಪು ಕಣ್ಣು ನೋಡಿ ಹೆದರಿ ವಾಪಸು ಹೋದರು.

ಅಷ್ಟರಲ್ಲಿ ಕುಮುದಾಳ ದವಡೆಯ ತಂತಿ ಬಿಚ್ಚಿದರು.

ಸಾಹೇಬರು ಅವಳ ಹೇಳಿಕೆ ತೆಗೆದುಕೊಳ್ಳಲು ಹೊರಟಾಗ ಅಕ್ಕ ತಾನೂ ಬರುತ್ತೇನೆ ಎಂದು ಹಟ ಹಿಡಿದಳು. ಅವಳ ಜೊತೆ ನಾನು, ಉಲ್ಲಾಸ. ಹುಡುಗಿ ದಿಂಬಿಗೆ ಒರಗಿ ಕೂತಿದ್ದಳು. ಎರಡೂ ಕೈಗೆ ಮೊಣಕೈವರೆಗೆ ಬಟ್ಟೆ ಸುತ್ತಿತ್ತು. ಅಕ್ಕನನ್ನು ಕಂಡೊಡನೆ ಎದ್ದು ನಿಲ್ಲಲು ಹೋದಳು. ದಾದಿ ಹಿಡಿದು ಕೂರಿಸಿದಳು.

"ನಿಧಾನಕ್ಕೆ ಹೇಳಮ್ಮ," ಎಂದರು ಸಾಹೇಬರು. "ಬಲಗಡೆ ಇಂಜಿನ್ನು ಹೋದಾಗ ನೀನೇನು ಮಾಡಿದೆ?"

"ಬಲಗಡೆದು ಹೋಯ್ತು ಸರ್ ಅಂದೆ." ಅವಳಿಗೆ ಬಾಯಿ ಪೂರ್ತಿ ತೆರೆಯಲಾಗುತ್ತಿರಲಿಲ್ಲ.

"ಕ್ಯಾಪ್ಟನ್?"

"ಗೊತ್ತಾಯ್ತು ಅಂದ್ರು. ಎಡಗಡೆ ಲಿವರ್ ಹಿಡಿದು ಎಳೆದ್ರು."

"ನೀನು ನೋಡಿದ್ಯಾ?"

"ನೋಡ್ದೆ."

"ತಪ್ಪು ಅಂತ ಗೊತ್ತಾಯ್ತಾ?"

"ಗೊತ್ತಾಯ್ತು."

"ಮತ್ತೆ?"

ಕುಮುದಾ ತನ್ನ ಬಟ್ಟೆ ಸುತ್ತಿದ ಕೈಗಳನ್ನೇ ನೋಡುತ್ತಿದ್ದಳು. "ಸುಮ್ನಿದ್ದೆ ಸರ್."

"ಯಾಕಮ್ಮ? ಗಾಬರೀಲಿ ಯಾರ ಕೈಯಾದ್ರೂ ಆ ಕಡೆ ಹೋಗಬಹುದು. ಅದಕ್ಕೇ ಅಲ್ವಾ ಅಲ್ಲಿ ಇಬ್ಬರನ್ನ ಕೂರಿಸೋದು?"

"ಗೊತ್ತಿಲ್ಲ ಸರ್. ಬಾಯಿ ಬರ್ಲಿಲ್ಲ."

ಉಲ್ಲಾಸ ಗೋಡೆಗೆ ಕೈ ಬಡಿದ. "ಸುಳ್ಳು! ಅಪ್ಪ ತಪ್ಪು ಮಾಡಿದ್ರೆ ಇವಳು ಸುಮ್ನಿರ್ತಿದ್ಲಾ? ಸಾಯೋ ಹೊತ್ತಲ್ಲಿ ಯಾರಾದ್ರೂ ಸುಮ್ನಿರ್ತಾರಾ? ತಾನು ಮಾಡಿದ್ದನ್ನ ಸತ್ತವರ ಮೇಲೆ ಹಾಕ್ತಿದ್ದಾಳೆ." ಅಕ್ಕ ಹುಡುಗಿಯ ಮುಖವನ್ನು ಬಹಳ ಹೊತ್ತು ನೋಡಿ ಎದ್ದು ಹೋದಳು.  ಮನೆಗೆ ಹೋದವಳು ಅಡುಗೆಮನೆಯಲ್ಲಿ ಆಗಲೇ ತೊಳೆದಿಟ್ಟಿದ್ದ ಪಾತ್ರೆಗಳನ್ನು ಮತ್ತೆ ತೊಳೆಯತೊಡಗಿದಳು. ಏನಕ್ಕಾ ಎಂದರೆ, "ಏನಿಲ್ಲ, ಜಿಡ್ಡಿದೆ," ಎಂದಳು. ಜಿಡ್ಡಿರಲಿಲ್ಲ.

ಮೂರನೆಯ ಸಲ ಸಾಹೇಬರು ಓದಿದ್ದು ಇದನ್ನು: ಕ್ಯಾಪ್ಟನ್ ತಪ್ಪಾಗಿ ಎಡಗಡೆಯ ಇಂಜಿನ್ನು ನಿಲ್ಲಿಸಿದರು, ಸಹ ಪೈಲಟ್ ಅದನ್ನು ಕಂಡೂ ನಿರ್ಲಕ್ಷ್ಯದಿಂದ ಹೇಳಲಿಲ್ಲ. ಓದುವಾಗ ಅವರ ದನಿಯಲ್ಲೇ ಸಮಾಧಾನವಿರಲಿಲ್ಲ. ಜನ ಮನೆಗೆ ಹೋಗಿ ಮಲಗುವ ಗೋಜಿಗೂ ಹೋಗಲಿಲ್ಲ. ಅಲ್ಲೇ ಕಟ್ಟೆಯ ಮುಂದೆ ಕಣ್ಣು ಮುಚ್ಚಿ ನೋಡಿದರು. ಬರಲಿಲ್ಲ. ಆಗ ಹಾರ್ಮೋನಿಯಂ ಮೇಷ್ಟ್ರ ತಮ್ಮ ಚನ್ನವೀರ ಎದ್ದು ನಿಂತ. "ಆ ಹುಡುಗಿ ನಿಜ ಹೇಳ್ತಿಲ್ಲ. ಹೇಳಿದ್ರೆ ನಮಗೆ ನಿದ್ದೆ ಬರಬೇಕಿತ್ತಲ್ಲ? ನಡೀರಿ, ನಾವೇ ಕೇಳೋಣ," ಎಂದ. ಅಣ್ಣನನ್ನು ಕಳೆದುಕೊಂಡವನು, ನಿದ್ದೆಗೆಟ್ಟವನು. ಅವನ ಹಿಂದೆ ಜನ ಹೊರಟರು. ಉಲ್ಲಾಸ ಎಲ್ಲರಿಗಿಂತ ಮುಂದಿದ್ದ.

ನಾನು ಅಕ್ಕನಿಗೆ ಹೇಳಲು ಓಡಿದೆ. ಅವಳು ಆಗಲೇ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬೀದಿಗೆ ಇಳಿದಿದ್ದಳು.

ಆಸ್ಪತ್ರೆಯ ಅಂಗಳ ತುಂಬಿಹೋಗಿತ್ತು. ದಾದಿಯರು ಒಳಗಿನಿಂದ ಅಗುಳಿ ಹಾಕಿಕೊಂಡಿದ್ದರು. "ಹೊರಗೆ ಕಳಿಸಿ ಅವಳನ್ನ!" ಎಂದು ಕೂಗಾಟ. ಯಾರೋ ಎಸೆದ ಕಲ್ಲಿಗೆ ಕಿಟಕಿಯ ಗಾಜು ಒಡೆಯಿತು. ಒಳಗೆ ಯಾರೋ ಕಿರುಚಿದರು. ಸಾಹೇಬರು ಬಾಗಿಲಿಗೆ ಅಡ್ಡಲಾಗಿ ಎರಡೂ ಕೈ ಚಾಚಿ ನಿಂತಿದ್ದರು.  ಅಕ್ಕ ಜನರ ನಡುವೆ ದಾರಿ ಮಾಡಿಕೊಂಡು ಹೋಗಿ ಅವರ ಪಕ್ಕ ನಿಂತಳು. ಕ್ಯಾಪ್ಟನ್ನರ ಹೆಂಡತಿ ಎಂದು ಜನ ಸ್ವಲ್ಪ ತಗ್ಗಿದರು.

"ಸಾಹೇಬರೇ, ವಿಮಾನದೊಳಗೆ ಆಡಿದ ಮಾತನ್ನ ಹಿಡಿದಿಡೋ ಪೆಟ್ಟಿಗೆ ಇರುತ್ತಂತಲ್ಲ. ಸಿಕ್ಕಿದ್ಯಾ?"

"ಸಿಕ್ಕಿದೆ ಅನಸೂಯಮ್ಮನವರೇ. ನಾನು ಕೇಳಿದೀನಿ. ಅದ್ರಲ್ಲಿ ಹೊಸದೇನೂ ಇಲ್ಲ."

"ನಮಗೆ ಕೇಳಿಸಿ."

"ಹೊರಗಿನವರಿಗೆ ಕೇಳಿಸೋ ಹಾಗಿಲ್ಲಮ್ಮ, ಕಾನೂನಿದೆ."

"ನಾವು ಹೊರಗಿನವರಾ?" ಎಂದಳು ಅಕ್ಕ.

ಸಾಹೇಬರು ಅಂಗಳದಲ್ಲಿದ್ದ ಕಣ್ಣುಗಳನ್ನು ಒಮ್ಮೆ ನೋಡಿದರು. ಆಮೇಲೆ ಜೀಪಿನಿಂದ ಯಂತ್ರವನ್ನೂ ಪಂಚಾಯಿತಿಯಿಂದ ಧ್ವನಿವರ್ಧಕವನ್ನೂ ಅಂಗಳಕ್ಕೆ ತರಿಸಿ ತಂತಿ ಜೋಡಿಸಿದರು. ಸುಡುಬಿಸಿಲು. ಎಲ್ಲರೂ ನಿಂತಿದ್ದೆವು. ಮೊದಲು ಇಂಜಿನ್ನುಗಳ ಸದ್ದು ಬಂತು, ದಿನಾ ನನ್ನ ಕ್ಯಾಂಟೀನಿನ ತಗಡನ್ನು ನಡುಗಿಸುತ್ತಿದ್ದ ಅದೇ ಸದ್ದು. ಆಮೇಲೆ ಏನೋ ಕಟಕಟ ಎಂದಿತು. "ಬಲಗಡೆ ಹೋಯ್ತು ಸರ್. ಬಲಗಡೆದು." ಕುಮುದಾಳ ದನಿ, ಸ್ಪಷ್ಟವಾಗಿತ್ತು. "ಗೊತ್ತಾಯ್ತು. ನಿಲ್ಲಿಸ್ತಿದೀನಿ." ಭಾವನ ದನಿ. ಅದೇ ತೂಗಿದ ದನಿ. ಉಲ್ಲಾಸ ಮುಖ ಮುಚ್ಚಿಕೊಂಡ. ಲಿವರ್ ಎಳೆದ ಸದ್ದಾಯಿತು. ಆಮೇಲೆ ಮಾತಿಲ್ಲ. ಇಂಜಿನ್ನಿನ ಸದ್ದು ಇಳಿಯುತ್ತಾ ಹೋಯಿತು. ಹುಡುಗಿ ಒಮ್ಮೆ ಉಸಿರೆಳೆದುಕೊಂಡದ್ದು ಕೇಳಿಸಿತು, ಏನೋ ಹೇಳಲು ಹೊರಟವರು ಎಳೆದುಕೊಳ್ಳುತ್ತಾರಲ್ಲ, ಹಾಗೆ. ಹೇಳಲಿಲ್ಲ. ಆ ಉಸಿರು ಹಾಗೆಯೇ ಉಳಿಯಿತು.

"ಸಾಕು, ನಿಲ್ಲಿಸಿ," ಎಂದಳು ಅಕ್ಕ.

ಅವಳು ಮೆಟ್ಟಿಲ ಮೇಲೆ ಕೂತುಬಿಟ್ಟಳು. ಯಾರಿಗೂ ಅಲ್ಲದೆ, ಎದುರಿನ ಗೋಡೆಗೆ ಹೇಳುವ ಹಾಗೆ ಶುರು ಮಾಡಿದಳು. "ಈ ಸುಮ್ಮನಿರೋದು ನಂಗೆ ಗೊತ್ತು. ನಮ್ಮನೆ ಊಟದ ಹೊತ್ತಿಂದು ಇದು. ನಾನು ಇಪ್ಪತ್ತು ವರ್ಷ ಹೀಗೇ ಉಸಿರೆಳೆದುಕೊಂಡು ಹಾಗೇ ಇಟ್ಕೊಂಡಿದೀನಿ."

"ಅಮ್ಮಾ," ಎಂದ ಉಲ್ಲಾಸ.

"ಇರು, ಹೇಳ್ತೀನಿ. ನಿಮ್ಮಪ್ಪ ಕೆಟ್ಟವರಲ್ಲ. ಒಂದು ದಿನ ಕೈ ಎತ್ತಿದವರಲ್ಲ, ದನಿ ಏರಿಸಿದವರೂ ಅಲ್ಲ. ತಪ್ಪು ಅಂದ್ರೆ ಸುಮ್ಮನಾಗಿಬಿಡೋರು. ತಟ್ಟೆ ದೂಡಿ ಏಳೋರು. ಒಂದು ವಾರ ಆದ್ರೂ ನನ್ನ ಕಡೆ ನೋಡ್ತಿರ್ಲಿಲ್ಲ. ಅದಕ್ಕಿಂತ ಸುಮ್ನಿರೋದೇ ಸುಲಭ ಆಗಿತ್ತು. ಒಂದು ಸಲ ಕಾರಲ್ಲಿ ಸಮುದ್ರ ನೋಡೋಕೆ ಹೋದ್ವಿ. ಮಂಗಳನೂ ಇದ್ಲು, ನೀನೂ ಇದ್ದೆ. ಕವಲಿನ ಹತ್ರ ಎಡಕ್ಕೆ ತಿರುಗಿಸಿದ್ರು. ಬಲಕ್ಕೆ ಅಂತ ಅಷ್ಟೆತ್ತರ ಬೋರ್ಡು ಹಾಕಿತ್ತು. ನಾವು ಮೂರೂ ಜನ ನೋಡಿದ್ವಿ. ಮಧ್ಯಾಹ್ನದವರೆಗೆ ಹೋದ್ವಿ, ಯಾರಾದ್ರೂ ಬಾಯಿ ಬಿಟ್ವಾ? ಯಾವುದೋ ಕಲ್ಲು ಕ್ವಾರಿ ಹತ್ರ ರಸ್ತೆ ಮುಗಿದುಹೋಯ್ತು. ಅವ್ರು ಇಳಿದು, 'ಇಲ್ಲೂ ಚೆನ್ನಾಗಿದೆ,' ಅಂದ್ರು. ನಾವು ಬುತ್ತಿ ಬಿಚ್ಚಿ ಅಲ್ಲೇ ಉಂಡ್ವಿ. ನಿಂಗೆ ನೆನಪಿಲ್ವಾ ಉಲ್ಲಾಸ?"

 ನನಗೆ ನೆನಪಿತ್ತು. ಆ ಕ್ವಾರಿಯ ಕಲ್ಲಿನ ಧೂಳು ಮೊಸರನ್ನದ ಮೇಲೆ ಕೂರುತ್ತಿದ್ದದ್ದೂ ನೆನಪಿತ್ತು. ಆವತ್ತು ನಾವು ಊರ ಹೊರಗಿದ್ದೆವು, ನಿದ್ದೆಯೂ ಚೆನ್ನಾಗಿ ಬಂದಿತ್ತು.

"ಆ ಹುಡುಗಿ ನಿರ್ಲಕ್ಷ್ಯ ಮಾಡಿಲ್ಲ ಸಾಹೇಬರೇ, ಅದನ್ನ ಹೊಡೆದುಹಾಕಿ," ಎಂದಳು ಅಕ್ಕ. "ನಮ್ಮವರು ತಪ್ಪು ಮಾಡಿದ್ರು. ಇವಳು ಬಲಗಡೆ ಅಂದ್ಲು. ಗೊತ್ತಾಯ್ತು ಅಂದವರಿಗೆ ಮತ್ತೊಂದು ಸಲ ಹೇಳೋ ಧೈರ್ಯ ನಮ್ಮಲ್ಲಿ ಯಾರಿಗೂ ಇರ್ಲಿಲ್ಲ. ಹೆಂಡತಿಗೇ ಇಲ್ದೇ ಇದ್ದದ್ದು ನೆನ್ನೆ ಮೊನ್ನೆ ಬಂದ ಹುಡುಗಿಗೆ ಎಲ್ಲಿಂದ ಬರಬೇಕು? ಅವ್ರಿಗೆ ಹಾಗಲ್ಲ ಅಂತ ಒಬ್ರಾದ್ರೂ ಅಂದಿದ್ರೆ ಅದನ್ನ ಕೇಳೋ ಅಭ್ಯಾಸ ಆದ್ರೂ ಆಗಿರೋದು. ಇದೇ ಕಾರಣ. ಬರ್ಕೊಳ್ಳಿ."

 ಚನ್ನವೀರನ ಕೈಯಲ್ಲಿ ಒಂದು ಕಲ್ಲಿತ್ತು. ಅವನು ಅದನ್ನು ನೋಡಿಕೊಂಡು, ಎಲ್ಲಿಡಬೇಕೋ ತಿಳಿಯದವನಂತೆ ನಿಧಾನಕ್ಕೆ ಬಗ್ಗಿ ನೆಲದ ಮೇಲೆ ಇಟ್ಟ. ಬಗ್ಗಿದವನು ಮೇಲೇಳಲಿಲ್ಲ. ಹಾಗೆಯೇ ಪಕ್ಕಕ್ಕೆ ಒರಗಿದ. ಬಿದ್ದನೆಂದು ಯಾರೋ ಹಿಡಿಯಲು ಹೋದರು. ಅವನು ಗೊರಕೆ ಹೊಡೆಯುತ್ತಿದ್ದ.

ನಿಂಗಮ್ಮ ಬೇವಿನ ಮರದ ಬುಡಕ್ಕೆ ತಲೆ ಕೊಟ್ಟಳು. ಕ್ಷೌರದವನು ತನ್ನ ಪಕ್ಕದವನ ಹೆಗಲ ಮೇಲೆ ಒರಗಿದ, ಆ ಪಕ್ಕದವನು ಆಗಲೇ ನಿಂತಲ್ಲೇ ನಿದ್ದೆ ಹೋಗಿದ್ದ, ಇಬ್ಬರೂ ಸೇರಿ ಮೆಲ್ಲಗೆ ಕುಸಿದರು. ಮಕ್ಕಳು ತಾಯಂದಿರ ಮೇಲೆ, ತಾಯಂದಿರು ಗೋಡೆಯ ಮೇಲೆ. ನಡುಮಧ್ಯಾಹ್ನದಲ್ಲಿ ನಮ್ಮೂರು ಆಸ್ಪತ್ರೆಯ ಅಂಗಳದಲ್ಲಿ, ದಾರಿಯಲ್ಲಿ, ಬಾವಿಕಟ್ಟೆಯ ಮೇಲೆ ಹಾಗೆಯೇ ಮಲಗಿಬಿಟ್ಟಿತು. ಸಾಹೇಬರು ಪೆನ್ನು ತೆಗೆದು ಏನೋ ಬರೆಯಲು ಹೋದವರು ಮೆಟ್ಟಿಲಿಗೆ ಒರಗಿ ಬಾಯಿ ತೆರೆದುಕೊಂಡು ನಿದ್ದೆ ಹೋದರು. ಬಾಗಿಲಿನ ಅಗುಳಿ ತೆಗೆದ ದಾದಿ ಹೊಸ್ತಿಲ ಮೇಲೆಯೇ ಕೂತು ತೂಕಡಿಸತೊಡಗಿದಳು.

ಅಕ್ಕ ಅವಳನ್ನು ದಾಟಿಕೊಂಡು ಒಳಗೆ ಹೋದಳು. ನಾನು ಕಾಲೆಳೆದುಕೊಂಡು ಹಿಂದೆ ಹೋದೆ. ಕುಮುದಾಳ ಮಂಚದ ಮೇಲೆಲ್ಲ ಗಾಜಿನ ಚೂರು ಚೆಲ್ಲಿತ್ತು. ಅಕ್ಕ ಸೆರಗಿನಿಂದ ಅದನ್ನು ಸರಿಸಿ ಪಕ್ಕದಲ್ಲಿ ಕೂತಳು. ಹುಡುಗಿಯ ಕಣ್ಣಿನಿಂದ ನೀರು ಇಳಿದು ಗದ್ದದವರೆಗೆ ಬಂದಿತ್ತು, ಬಟ್ಟೆ ಸುತ್ತಿದ ಕೈಯಿಂದ ಒರೆಸಿಕೊಳ್ಳಲು ಅವಳಿಗೆ ಆಗುತ್ತಿರಲಿಲ್ಲ. ಅಕ್ಕ ಒರೆಸಿದಳು.

"ಮೇಡಂ," ಎಂದಳು ಕುಮುದಾ, "ನಾನು ಇನ್ನೊಂದು ಸಲ ಹೇಳಿದ್ರೆ ಸರ್ ಕೇಳ್ತಿದ್ರಾ?"

ಅಷ್ಟರಲ್ಲಿ ಬಾಗಿಲಲ್ಲಿ ಉಲ್ಲಾಸ ಬಂದು ನಿಂತಿದ್ದ. ಅವನಿಗೂ ಕಣ್ಣು ಮುಚ್ಚಿ ಬರುತ್ತಿತ್ತು, ಆದರೂ ನೆಟ್ಟಗೆ ನಿಂತು ಅಪ್ಪನದೇ ದನಿಯಲ್ಲಿ, "ಅಮ್ಮ, ಆಯ್ತಲ್ಲ. ಏಳು, ಮನೆಗೆ ಹೋಗೋಣ," ಎಂದ.

"ಈಗ ಬರಲ್ಲ ಕಣೋ," ಎಂದಳು ಅಕ್ಕ.

ಅವನ ಮುಖ ಬಿಗಿಯಿತು. ಅಕ್ಕ ಅವನನ್ನೇ ನೋಡುತ್ತಿದ್ದಳು, ಕಣ್ಣು ಕೆಳಗೆ ಹಾಕಲಿಲ್ಲ. ಅವನು ಹೊರಗೆ ತಿರುಗಿದ, ಮತ್ತೆ ಒಳಗೆ ತಿರುಗಿದ. ಆಮೇಲೆ ಬಂದು ಅವಳ ಕಾಲ ಬಳಿ ನೆಲದ ಮೇಲೆ ಕೂತ. ಕೂತವನು ಅವಳ ಮೊಣಕಾಲಿಗೆ ಹಣೆ ತಾಗಿಸಿದ್ದಷ್ಟೇ, ನಿದ್ದೆ ಹೋದ.

"ಕೇಳ್ತಿದ್ರೋ ಇಲ್ವೋ ಗೊತ್ತಿಲ್ಲ ಮಗ," ಎಂದಳು ಅಕ್ಕ ಕುಮುದಾಳಿಗೆ. "ಯಾರಿಗೂ ಗೊತ್ತಾಗಲ್ಲ."

ಅದಕ್ಕೇ ಇರಬೇಕು, ಊರೆಲ್ಲ ಮಲಗಿದ್ದರೂ ಅವರಿಬ್ಬರ ಕಣ್ಣು ಮಾತ್ರ ತೆರೆದೇ ಇದ್ದವು. ನಾನು ಪಕ್ಕದ ಖಾಲಿ ಮಂಚದ ಮೇಲೆ ಅಡ್ಡಾದೆ. ಅಕ್ಕ ಆವತ್ತು ಬೆಳಿಗ್ಗೆ ಮನೆಯಲ್ಲಿ ಏನೇನಾಯಿತು ಎಂದು ಹೇಳುತ್ತಿದ್ದಳು, ಕುಮುದಾ ವಿಮಾನದೊಳಗೆ ಏನೇನಾಯಿತು ಎಂದು ಹೇಳುತ್ತಿದ್ದಳು. ದನಿ ತಗ್ಗಿಸಿಕೊಂಡೇನೂ ಮಾತಾಡುತ್ತಿರಲಿಲ್ಲ, ಎಬ್ಬಿಸಿದರೂ ಏಳುವವರು ಯಾರೂ ಇರಲಿಲ್ಲವಲ್ಲ. ಅಕ್ಕ ಭಾವನ ಬಗ್ಗೆ ಏನೋ ಅಂದಳು. ಹುಡುಗಿ ತಡೆದು, "ಇಲ್ಲಮ್ಮ, ಅದು ಹಾಗಲ್ಲ," ಎಂದಳು.

"ಹೌದಾ?" ಎಂದಳು ಅಕ್ಕ. "ಮತ್ತೆ ಹೇಗೆ, ಹೇಳು."

ಅವಳು ಹೇಳತೊಡಗಿದಳು. ಮುಂದಿನದು ನನಗೆ ಕೇಳಿಸಲಿಲ್ಲ.